ಗಾಡಿ ಕವರಿನೊಳಗೆ ಕತ್ತರಿಯಣ್ಣ

ಇಷ್ಟಕ್ಕೆಲ್ಲ ಕಾರಣ ಒಂದು ಝಿಪ್ಪು. ಮುಂದೆ ಇರಬೇಕಾದ ಆ ಝಿಪ್ಪನ್ನು ಹಿಂದೆ ಗುರುತು ಹಾಕಿ ಕೊಟ್ಟವನು ಸ್ವತಃ ಕತ್ತರಿಯಣ್ಣನೇ ಆಗಿದ್ದರಿಂದ ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ.

ಕತ್ತರಿಯಣ್ಣ ಅಂದರೆ ಗಾಡಿ ಕವರ್ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಅದನ್ನು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಸ್ಕೂಟರಾಗಲಿ, ಬೈಕಾಗಲಿ, ಡೊಳ್ಳುಹೊಟ್ಟೆಯ ಹಳೇ ಕಾರಾಗಲಿ, ಸುತ್ತ ಒಂದು ಸಲ ನಡೆದು ಬಂದು ಬಟ್ಟೆಗೆ ಕತ್ತರಿ ಹಾಕಿದನೆಂದರೆ ಕವರು ಮೈಗಂಟಿದ ಹಾಗೆ ಕೂರುತ್ತಿತ್ತು. ಹೀಗಿರುವಾಗ ಆ ಹಾಳು ರೋಗ ಬಂತು. ಗಾಡಿಗಳೆಲ್ಲ ಮನೆ ಮುಂದೆ ನಿಂತೇ ಇದ್ದವು, ಹಾಗಾದರೆ ಕವರು ಇನ್ನೂ ಜಾಸ್ತಿ ಖರ್ಚಾಗಬೇಕಿತ್ತಲ್ಲ ಅಂತ ನೀವು ಕೇಳಬಹುದು. ಕೊಳ್ಳೋಣವೆಂದರೆ ಅಂಗಡಿ ತೆರೆದಿರಬೇಕಲ್ಲ ಸ್ವಾಮಿ! ಗೋಡೌನಿನಲ್ಲಿ ಕವರುಗಳು ಸೂರು ಮುಟ್ಟಿದವು. ಹೊಲಿಯುವ ಹೆಂಗಸರು ಸುಮ್ಮನೆ ಮಿಷನ್ ಒರೆಸುತ್ತ ಕೂತರು.

ಆಗ ಸಾಹುಕಾರರಿಗೆ ಒಂದು ಯೋಚನೆ ಹೊಳೆಯಿತು. ಆಸ್ಪತ್ರೆಯವರಿಗೆ ತಲೆಯಿಂದ ಕಾಲಿನವರೆಗೆ ಮುಚ್ಚುವ ಬಿಳಿ ಉಡುಪು ಬೇಕಂತೆ, ಎಲ್ಲೂ ಸಿಗುತ್ತಿಲ್ಲವಂತೆ.

"ಗಾಡಿಗೆ ಹೊಲಿಯೋರಿಗೆ ಮನುಷ್ಯನಿಗೆ ಹೊಲಿಯೋದು ಏನ್ರೀ ಕಷ್ಟ?" ಎಂದರು. "ಅದಕ್ಕೆ ಎರಡು ಚಕ್ರ, ಇವನಿಗೆ ಎರಡು ಕಾಲು. ಅದಕ್ಕೆ ಹ್ಯಾಂಡಲ್ಲು, ಇವನಿಗೆ ಕೈ. ಇವತ್ತು ಮಧ್ಯಾಹ್ನ ಆಸ್ಪತ್ರೆಗೆ ಸ್ಯಾಂಪಲ್ ತೋರಿಸಬೇಕು. ಒಪ್ಪಿದರೆ ಎಲ್ಲರಿಗೂ ಕೆಲಸ. ಒಪ್ಪದಿದ್ದರೆ ಬಾಗಿಲು ಹಾಕಿ ಮನೆಗೆ ಹೋಗೋಣ."

ಕತ್ತರಿಯಣ್ಣನ ಕೈ ಕೆಲಸದಲ್ಲಿತ್ತು, ಆದರೆ ಮನಸ್ಸು ಅಲ್ಲಿರಲಿಲ್ಲ. ಅವನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದಳು.

ಅವಳು ಆಸ್ಪತ್ರೆಗೆ ಹೋದ ದಿನದ ಸಂಗತಿ ನೆನೆದರೆ ಇವನು ಈಗಲೂ ಅನ್ನದ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದ. ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತ್ತು. ಅವಳು ಹೊಸಿಲು ದಾಟಿ, ಉಸಿರು ತೆಗೆದುಕೊಳ್ಳಲು ಗೋಡೆ ಹಿಡಿದು ನಿಂತು, "ರೀ, ನನ್ನ ಬ್ಯಾಗು" ಅಂದಳು. ಬ್ಯಾಗು ಒಳಗೆ ಉಳಿದಿತ್ತು. ಕತ್ತರಿಯಣ್ಣನಿಗೆ ರೋಗ ಅಂಟೀತೆಂಬ ಹೆದರಿಕೆ. ಮನೆಯಲ್ಲಿದ್ದ ಉದ್ದನೆಯ ಅಳತೆಕೋಲನ್ನು ತೆಗೆದುಕೊಂಡು, ತಾನು ಕೋಣೆಯ ಬಾಗಿಲ ಹಿಂದೆಯೇ ನಿಂತು, ಬ್ಯಾಗನ್ನು ಕೋಲಿನಿಂದ ತಳ್ಳುತ್ತ ತಳ್ಳುತ್ತ ಹೊಸಿಲಿನತನಕ ಕಳಿಸಿದ. ಅವಳು ಕೋಲು ನೋಡಿದಳು, ಬ್ಯಾಗು ನೋಡಿದಳು, ಇವನ ಮುಖ ನೋಡಿದಳು.

"ಅಷ್ಟು ದೂರಾನಾ ರೀ?" ಅಂದಳು.

ಅಷ್ಟೇ. ಬ್ಯಾಗು ಎತ್ತಿಕೊಂಡು ಗಾಡಿ ಹತ್ತಿದಳು. ಆಮೇಲೆ ನೋಡಿದರೆ ಅವಳ ಕನ್ನಡಕ ಕಪಾಟಿನ ಮೇಲೆಯೇ ಇತ್ತು. ಅದಿಲ್ಲದಿದ್ದರೆ ಅವಳಿಗೆ ನಾಲ್ಕು ಮಾರು ಆಚೆ ಇರುವವರ ಮುಖ ಮೂಗು ಒಂದೂ ತಿಳಿಯದು. ಅವತ್ತಿನಿಂದ ಇವನು ಎಷ್ಟು ಸಲ ಫೋನ್ ಮಾಡಿದರೂ ಅವಳು ಎತ್ತಲಿಲ್ಲ. ಇವನಿಗೆ ಫೋನ್ ಮಾಡುತ್ತಿದ್ದವನು ಬೇರೆ ಊರಿನಲ್ಲಿದ್ದ ಭಾವಮೈದ ಒಬ್ಬನೇ, ಅದೂ ದಿನಾ ಬೈಯಲಿಕ್ಕೆ. ಸಂಜೆ ಆಸ್ಪತ್ರೆಯ ಕೆಳಗೆ ರಸ್ತೆಯಲ್ಲಿ ನಿಂತು ಕತ್ತು ನೋಯುವಷ್ಟು ಹೊತ್ತು ಎರಡನೇ ಮಹಡಿ ನೋಡಿ ಮನೆಗೆ ಬರುತ್ತಿದ್ದ. ಒಂದು ಸಲ ಒಳಗೆ ಹೋಗಬೇಕು, ಮುಖ ನೋಡಬೇಕು, ತಪ್ಪಾಯ್ತು ಕಣೇ ಅನ್ನಬೇಕು. ಬೇರೆ ಏನೂ ಬೇಕಿರಲಿಲ್ಲ ಅವನಿಗೆ.

ಸರಿ, ಉಡುಪು ತಯಾರಾಯಿತು. ಮುಖದ ಮುಂದೆ ಪಾರದರ್ಶಕ ಹಾಳೆ ಬೇಕಿತ್ತು. ಬೈಕ್ ಕವರಿನಲ್ಲಿ ನಂಬರ್ ಪ್ಲೇಟ್ ಕಾಣಲಿ ಅಂತ ಇಡುವ ಪ್ಲಾಸ್ಟಿಕ್ ಇತ್ತಲ್ಲ, ಅದನ್ನೇ ಇಟ್ಟರು. ಅಳತೆ ಸರಿಯಿದೆಯೇ ನೋಡಲು ಬೊಂಬೆ ಎಲ್ಲಿಂದ ತರುವುದು? ಕಾರ್ಖಾನೆಯಲ್ಲಿದ್ದದ್ದು ಒಂದು ಮುರುಕಲು ಸ್ಕೂಟರ್ ಮಾತ್ರ. ಕೊನೆಗೆ ಕತ್ತರಿಯಣ್ಣನೇ ಒಳಗೆ ಇಳಿದ. ಹೊಲಿಗೆಯವರ ಮುಖ್ಯಸ್ಥೆ ಮಿಷನ್ ಅಕ್ಕ ಬೆನ್ನ ಹಿಂದೆ ನಿಂತು ಸೊಂಟದಿಂದ ಕುತ್ತಿಗೆಯವರೆಗೆ ಝಿಪ್ಪನ್ನು ಚರ್‍ರೆಂದು ಎಳೆದಳು.

"ಆಹಾ! ಹೊಸಾ ಗಾಡಿ ಇದ್ದ ಹಾಗಿದ್ದೀಯ ಕಣೋ," ಅಂದಳು.

"ಸಾಕು, ತೆಗಿ ಅಕ್ಕ."

ಅಕ್ಕ ಎಳೆದಳು. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದಳು. ಕುತ್ತಿಗೆಯ ಹತ್ತಿರ ಬಟ್ಟೆ ಝಿಪ್ಪಿನ ಹಲ್ಲಿಗೆ ಸಿಕ್ಕಿಬಿದ್ದಿತ್ತು.

"ಒಳಗಿಂದ ನೀನೇ ಸ್ವಲ್ಪ ತಳ್ಳು," ಅಂದಳು.

"ಒಳಗಿಂದ ಹೇಗಕ್ಕ? ಹಿಡಿ ಇರೋದು ಹೊರಗಡೆ ಮಾತ್ರ."

ಆಗ ಇಬ್ಬರಿಗೂ ತಿಳಿಯಿತು. ಇಷ್ಟು ವರ್ಷ ಅವರು ಮುಚ್ಚಿದ್ದೆಲ್ಲ ತಾನಾಗಿ ಎದ್ದು ಹೊರಗೆ ಬರುವ ಪದಾರ್ಥವಲ್ಲ. ಯಾವ ಸ್ಕೂಟರೂ ಇದುವರೆಗೆ ಒಳಗಿನಿಂದ ಝಿಪ್ ತೆಗೆಯಬೇಕು ಅಂತ ಕೇಳಿರಲಿಲ್ಲ. ಕೈ ಅಭ್ಯಾಸದ ಮೇಲೆ ಹೋಗಿಬಿಟ್ಟಿತ್ತು.

"ಕತ್ತರಿ ಹಾಕಿ ತೆಗೆಯೋಣ," ಎಂದಳು ಮಿಷನ್ ಅಕ್ಕ.

"ಕತ್ತರಿ ಮುಟ್ಟಿದರೆ ನೋಡಿ!" ಸಾಹುಕಾರರು ಕಿರುಚಿದರು. "ಇರೋದು ಒಂದೇ ಸ್ಯಾಂಪಲ್ಲು. ಹೀಗೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಒಂದು ಹೊತ್ತು ಒಳಗಿದ್ದರೆ ಏನಾಗುತ್ತೆ? ಗಾಡಿಗಳು ವರ್ಷಗಟ್ಟಲೆ ಇರಲ್ವಾ?"

ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕತ್ತರಿಯಣ್ಣನ ಎದೆ ಡವಗುಟ್ಟಿತು. ಈ ವೇಷದಲ್ಲಿ ಯಾರು ತಡೆದಾರು? ಅಷ್ಟರಲ್ಲಿ ಉಡುಪಿನೊಳಗೆ, ಪ್ಯಾಂಟಿನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಬಡಿದುಕೊಂಡು ಬಡಿದುಕೊಂಡು ನಿಂತಿತು.

"ಭಾವಮೈದ," ಅಂದ ಕತ್ತರಿಯಣ್ಣ. "ಬೆಳಗಿನ ಬೈಗುಳ ಇನ್ನೂ ಆಗಿರಲಿಲ್ಲ."

ಸಾಹುಕಾರರ ಕಾರಿನಲ್ಲಿ ಆ ಉಬ್ಬಿದ ಉಡುಪು ಹಿಡಿಸಲಿಲ್ಲ. ಸಾಮಾನಿನ ಆಟೋದ ಹಿಂದೆ ಅವನನ್ನು ನಿಲ್ಲಿಸಿ, ತಾವು ಮುಂದೆ ಕೂತರು. ದಾರಿಯಲ್ಲಿ ಕತ್ತರಿಯಣ್ಣ ಸೀಟಿನ ಹಿಂದಿನ ಗಾಜು ಬಡಿದು, ಅದಕ್ಕೇ ಮುಖ ಒತ್ತಿ ಕೂಗಿದ: "ಸಾಹುಕಾರ್ರೇ, ನಮ್ಮ ಬೀದೀಲಿ ಒಂದು ನಿಮಿಷ ನಿಲ್ಸಿ. ಅವಳ ಕನ್ನಡಕ ತಗೋಬೇಕು."

"ನಿಲ್ಸು," ಎಂದರು ಸಾಹುಕಾರರು ಉದಾರವಾಗಿ. "ನಾಲ್ಕು ಜನ ನೋಡಲಿ. ಪ್ರಚಾರ ಆಗುತ್ತೆ."

ಪ್ರಚಾರ ಆಯಿತು, ಆಗದೆ ಏನು! ಬಿಳಿ ಉಡುಪಿನ ಆಕೃತಿಯೊಂದು ಧಡಧಡ ಇಳಿದು ಕತ್ತರಿಯಣ್ಣನ ಮನೆ ಬೀಗ ಹಿಡಿದು ನಿಂತದ್ದನ್ನು ಮೊದಲು ಕಂಡವರು ಮೇಲ್ಮನೆಯ ಪಿಂಚಣಿ ತಾತ. ಬೆಳಗಿನಿಂದ ಸಂಜೆಯತನಕ ಬಾಲ್ಕನಿಯಲ್ಲಿ ಕೂತು ಬೀದಿ ಕಾಯುವುದು ಅವರ ಉದ್ಯೋಗ, ಸಂಬಳವಿಲ್ಲ ಅನ್ನುವುದೊಂದು ಬಿಟ್ಟರೆ.

"ಬಂದ್ರಪ್ಪಾ ಬಂದ್ರು! ಮನೆ ಸೀಲ್ ಮಾಡೋಕೆ ಬಂದ್ರು! ಕತ್ತರಿಯಣ್ಣನಿಗೂ ಅಂಟಿಕೊಂಡಿದೆ!"

ಎದುರಿನ ಹಿಟ್ಟಿನ ಗಿರಣಿಯ ಷಟರ್ ಧಡಾರನೆ ಕೆಳಗೆ ಬಂತು. ಅದರ ಸಂದಿಯಿಂದ ಗಿರಣಿಯಮ್ಮನ ದನಿ ಬಂತು. "ನಾನು ಮೊದಲೇ ಅಂದಿದ್ದೆ! ನಿನ್ನೆ ಇಲ್ಲೇ ನಿಂತು ಎರಡು ಸಲ ಸೀನಿದ!"

"ನಾನು ಕಣ್ರೀ! ನಾನೇ!" ಎಂದು ಒಳಗಿನಿಂದ ಕತ್ತರಿಯಣ್ಣ ಕೂಗಿದ. ಹೊರಗೆ ಕೇಳಿದ್ದು ಬಾವಿಯೊಳಗಿಂದ ಯಾರೋ ಗೊಣಗಿದ ಹಾಗೆ.

"ಏನೋ ಅಂತಿದ್ದಾರೆ!"

"ಎಲ್ರೂ ಒಳಗೆ ಹೋಗಿ ಅಂತಿದ್ದಾರೆ!" ಎಂದು ತಾತ ಅರ್ಥ ಹೇಳಿದರು. ಅಷ್ಟಕ್ಕೇ ಬಿಡದೆ, ಕುಂಡದ ಗಿಡಗಳಿಗೆ ಹೊಡೆಯುವ ಸ್ಪ್ರೇ ಡಬ್ಬಿ ತಂದು, ಬ್ಲೀಚಿಂಗ್ ನೀರು ತುಂಬಿ, ಮೇಲಿನಿಂದ ಅವನ ಮೇಲೆ ಪಿಚಕಾರಿ ಹೊಡೆದೇ ಹೊಡೆದರು.

"ನೋಡಿ! ನೋಡಿ!" ಎಂದು ಸಾಹುಕಾರರು ಆಟೋದಿಂದಲೇ ಚಪ್ಪಾಳೆ ತಟ್ಟಿದರು. "ಒಂದು ಹನಿ ಒಳಗೆ ಹೋಗ್ತಿಲ್ಲ!"

ಕತ್ತರಿಯಣ್ಣನಿಗೆ ಮಾತ್ರ ಎರಡೂ ಭುಜದ ಮೇಲೆ ತಣ್ಣಗೆ ಏನೋ ಇಳಿದ ಹಾಗಾಯಿತು. ಬೆವರಿರಬೇಕು ಅಂದುಕೊಂಡ. ಬೀಗದ ಮುಂದೆ ನಿಂತು ಕೀಲಿಗೆಂದು ಜೇಬಿಗೆ ಕೈ ಹಾಕಲು ಹೋದ. ಕೈ ಜಾರಿತು. ಇನ್ನೊಮ್ಮೆ ಹೋದ. ಆಮೇಲೆ ಜ್ಞಾನೋದಯವಾಯಿತು. ಜೇಬು ಒಳಗಿತ್ತು. ಕೀಲಿ ಜೇಬಿನಲ್ಲಿತ್ತು. ಅದೇ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ತನ್ನ ಮನೆ, ತನ್ನ ಬೀಗ, ತನ್ನ ಕೀಲಿ, ಎಲ್ಲ ಗೇಣುದೂರದಲ್ಲೇ ಇದ್ದು ಒಂದೂ ಕೈಗೆ ಸಿಗದೆ ಅವನು ಬೆಪ್ಪಾಗಿ ನಿಂತ. ಕಿಟಕಿಯ ಸಂದಿಯಿಂದ ಕಪಾಟಿನ ಮೇಲಿನ ಕನ್ನಡಕ ಕಾಣುತ್ತಿತ್ತು.

ಆಟೋ ತಿರುಗಿ ಹೋಗುವಾಗ ಪಿಂಚಣಿ ತಾತ ಕೆಳಗಿಳಿದು ಬಂದು ಬೀದಿಗೆ ಅಡ್ಡಲಾಗಿ ಒಂದು ಬೆಂಚು, ಎರಡು ಡ್ರಮ್ಮು ಇಡಿಸುತ್ತಿದ್ದರು.

ಆಸ್ಪತ್ರೆಯ ಗೇಟಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕತ್ತರಿಯಣ್ಣನ ಉಸಿರೆಲ್ಲ ಮುಖದ ಪ್ಲಾಸ್ಟಿಕ್ಕಿಗೆ ಹತ್ತಿ ಹಬೆ ಕಟ್ಟಿತ್ತು. ನಂಬರ್ ಪ್ಲೇಟು ಉಸಿರಾಡುವುದಿಲ್ಲ, ಅದರಿಂದ ಈ ತೊಂದರೆ ಮೊದಲು ಯಾರ ಗಮನಕ್ಕೂ ಬಂದಿರಲಿಲ್ಲ. ಲೋಕವೆಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಯಾರೋ ಮಡಿಲಲ್ಲಿ ಗಂಟಿನಂಥದ್ದೇನೋ ಇಟ್ಟುಕೊಂಡು ಕೂತಿದ್ದರು. ಅವರ ಒಂದು ಕೈ ಕಿವಿಯ ಹತ್ತಿರವಿತ್ತು. ಇವನ ಜೇಬು ಮತ್ತೆ ಬಡಿದುಕೊಳ್ಳತೊಡಗಿತು. ಥತ್, ಈ ಭಾವಮೈದನಿಗೆ ಇವತ್ತು ಬೇರೆ ಕೆಲಸವೇ ಇಲ್ಲವೇ! ಬೆಂಚಿನ ಮೇಲಿದ್ದವರು ಏನೋ ಕೇಳುವವರ ಹಾಗೆ ಇವನತ್ತ ಕೈ ಎತ್ತಿದರು. ನಿಲ್ಲಲು ಇವನಿಗೆ ವ್ಯವಧಾನವೆಲ್ಲಿ? ಹೆಂಡತಿಯನ್ನು ನೋಡಬೇಕಿತ್ತು. ಮುಖ ತಿರುಗಿಸಿ ಬಿರಬಿರನೆ ಗೇಟಿನತ್ತ ನಡೆದ.

ಕಾವಲುಗಾರ ಸಾಹುಕಾರರನ್ನು ತಡೆದ. "ಪಾಸ್ ಎಲ್ಲಿ?"

"ನಾನು ಸ್ಯಾಂಪಲ್ ತೋರಿಸೋಕೆ..."

"ಸ್ಟೋರಿನವರು ಬರೋತನಕ ಹೊರಗಿರಿ." ಆಮೇಲೆ ಬಿಳಿ ಉಡುಪನ್ನು ನೋಡಿ ಗದರಿದ. "ನೀನ್ಯಾಕಯ್ಯ ಇಲ್ಲಿ ನಿಂತಿದ್ದೀಯ? ಮೇಲೆ ಜನ ಸಾಲದೆ ಒದ್ದಾಡ್ತಿದ್ದಾರೆ. ನಡಿ ಒಳಗೆ!"

ಸಾಹುಕಾರರು "ನನ್ನ ಸ್ಯಾಂಪಲ್! ಅಯ್ಯೋ, ನನ್ನ ಸ್ಯಾಂಪಲ್!" ಎಂದು ಗೇಟಿನ ಸರಳು ಹಿಡಿದು ಅರಚುತ್ತಿದ್ದರು. ಸ್ಯಾಂಪಲ್ಲು ಹಿಂತಿರುಗಿ ನೋಡಲಿಲ್ಲ.

ಒಳಗೆ ಯಾರೋ ಅವನ ಕೈಗೆ ಊಟದ ಟ್ರಾಲಿ ಕೊಟ್ಟರು. "ಎರಡನೇ ಮಹಡಿ," ಅಂದರು. ಅವನಿಗೆ ಬೇಕಾದದ್ದೂ ಅದೇ. ಕಿಟಕಿ ಪಕ್ಕದ ಕೊನೆಯ ಮಂಚ ಅಂತ ಹಿಂದೊಮ್ಮೆ ಆಸ್ಪತ್ರೆಗೆ ಫೋನ್ ಮಾಡಿದಾಗ ಸಿಸ್ಟರೊಬ್ಬರು ಹೇಳಿದ್ದು ನೆನಪಿತ್ತು. ಟ್ರಾಲಿಯನ್ನು ಎರಡು ಮಂಚಕ್ಕೆ, ಒಂದು ಕಂಬಕ್ಕೆ ಗುದ್ದಿಸಿ, ಬೈಸಿಕೊಂಡು, ಅಂತೂ ಕೊನೆಯ ಮಂಚ ಮುಟ್ಟಿದ.

ಹೊದಿಕೆ ಗಲ್ಲದವರೆಗೆ ಎಳೆದಿತ್ತು. ಮುಖದ ಮೇಲೆ ಆಕ್ಸಿಜನ್ ಮಾಸ್ಕು. ಹಬೆಯ ಆಚೆ ಕಂಡದ್ದು ಇಷ್ಟೇ. ಎಷ್ಟು ಸೊರಗಿಹೋಗಿದ್ದಾಳೆ ಅಂದುಕೊಂಡ. ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಹೊದಿಕೆಯಿಂದ ಆಚೆ ಬಂದಿದ್ದ ಕೈಯನ್ನು ಗ್ಲೌಸಿನ ಕೈಯಲ್ಲಿ ಹಿಡಿದುಕೊಂಡ. ಕೈ ಎಳೆದುಕೊಳ್ಳಲಿಲ್ಲ. ಬದಲು, ಗಟ್ಟಿಯಾಗಿ ಹಿಡಿಯಿತು. ಅಷ್ಟಕ್ಕೇ ಇವನ ಕಣ್ಣಲ್ಲಿ ನೀರು ಬಂತು.

"ತಪ್ಪಾಯ್ತು," ಅಂದ. "ಅವತ್ತು ಹೆದರಿಬಿಟ್ಟೆ. ಕೋಲಿನಿಂದ ತಳ್ಳಬಾರದಿತ್ತು. ಬ್ಯಾಗು ಕೈಯಲ್ಲಿ ಕೊಡಬೇಕಿತ್ತು, ನಿನ್ನ ಜೊತೆ ಗಾಡಿ ಹತ್ತಬೇಕಿತ್ತು. ದಿನಾ ಕೆಳಗೆ ಬಂದು ನಿಲ್ತೀನಿ, ಗೊತ್ತಾ? ಮನೇಲಿ ಒಬ್ಬನೇ ಅನ್ನ ಮಾಡ್ಕೋತೀನಿ, ಇಬ್ಬರಿಗಾಗೋ ಅಷ್ಟು ಆಗಿಬಿಡುತ್ತೆ. ಕಣ್ಣಳತೆ ಅಂತ ಮೆರೀತಿದ್ದೆ ನೋಡು, ಒಬ್ಬನಿಗೆ ಎಷ್ಟು ಅಕ್ಕಿ ಅನ್ನೋದೇ ಗೊತ್ತಾಗ್ತಿಲ್ಲ. ನೀನು ಬೈ. ಹೊಡಿ ಬೇಕಾದ್ರೆ. ಸುಮ್ಮನಿರಬೇಡ ಅಷ್ಟೇ."

ಮಂಚದ ಮೇಲಿನ ಇನ್ನೊಂದು ಕೈ ನಿಧಾನವಾಗಿ ಮೇಲೆದ್ದು ಮಾಸ್ಕನ್ನು ಪಕ್ಕಕ್ಕೆ ಸರಿಸಿತು.

"ಬಂದ್ಯಾ ಮಗಾ?" ಎಂದಿತು ಒಂದು ಮುದಿ ದನಿ. "ಬರಲ್ಲ ಬರಲ್ಲ ಅಂತಿದ್ರು ಎಲ್ರೂ. ನಾನು ನಂಬಲಿಲ್ಲ."

ಕತ್ತರಿಯಣ್ಣ ಬೆಚ್ಚಿ ಮುಂದೆ ಬಾಗಿದ. ಮೂಗನ್ನು ಪ್ಲಾಸ್ಟಿಕ್ಕಿಗೆ ಒತ್ತಿ ಉಜ್ಜಿದ. ಕಾಸಗಲ ಹಬೆ ಸರಿದ ಜಾಗದಲ್ಲಿ ಹಲ್ಲಿಲ್ಲದ ಬಾಯಿ, ಬಿಳಿಗೂದಲು, ಎಲ್ಲೋ ನೋಡುವ ಎರಡು ಕಣ್ಣು ಕಂಡವು. ಯಾರೋ ಅಜ್ಜಿ. ಹಾಗಾದರೆ ಇವಳೆಲ್ಲಿ? ಯಾವ ಮಂಚ? ಬೇರೆ ಕಡೆ ಹಾಕಿದರೇ? ಏನಾಯಿತು ಅವಳಿಗೆ? ಎದ್ದು ಓಡಿ ಕೇಳಬೇಕು ಅಂತ ಅರ್ಧ ಎದ್ದ. ಅಜ್ಜಿ ಕೈ ಬಿಡಲಿಲ್ಲ. ಅಷ್ಟು ಬಡಕಲು ಕೈಗೆ ಅಷ್ಟು ಬಲ ಎಲ್ಲಿಂದ ಬಂದಿತ್ತೋ.

ಮತ್ತೆ ಕೂತ. "ಬಂದೆ ಅಮ್ಮ," ಅಂದ.

"ಊಟ ಆಯ್ತಾ?"

ಬೆಳಗಿನಿಂದ ಅವನು ನೀರೂ ಕುಡಿದಿರಲಿಲ್ಲ. "ಆಯ್ತಮ್ಮ."

"ತಪ್ಪು ಗಿಪ್ಪು ಅಂದ್ಯಲ್ಲ... ಏನೂ ತಪ್ಪಿಲ್ಲ ಬಿಡು. ಯಾರಿಗೆ ಹೆದರಿಕೆ ಆಗಲ್ಲ? ಬಂದ್ಯಲ್ಲ, ಸಾಕು."

ಇಷ್ಟು ದಿನ ಯಾವ ಮಾತಿಗಾಗಿ ಕಾದಿದ್ದನೋ ಆ ಮಾತು ಬಂದಿತ್ತು, ಬರಬೇಕಾದ ಬಾಯಿಂದ ಮಾತ್ರ ಬರಲಿಲ್ಲ. ಕತ್ತರಿಯಣ್ಣ ಉಡುಪಿನೊಳಗೆ ಬಿಕ್ಕಿ ಬಿಕ್ಕಿ ಅತ್ತ. ಹಬೆ ಇನ್ನಷ್ಟು ಕಟ್ಟಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಎತ್ತು ಮಗಾ," ಎಂದಳು ಅಜ್ಜಿ. "ಮನೆಯವಳಿರಬೇಕು."

"ಇಲ್ಲಮ್ಮ. ಅವಳು ಮಾಡಲ್ಲ. ಭಾವಮೈದ."

ಫೋನು ಎರಡು ಸಲ ಬಡಿದುಕೊಂಡು ಅರ್ಧಕ್ಕೇ ನಿಂತುಹೋಯಿತು. ಆಮೇಲೆ ಬರಲೇ ಇಲ್ಲ. ಅಜ್ಜಿ ಕಣ್ಣು ಮುಚ್ಚಿದಳು. ಇವನು ಮಾಸ್ಕನ್ನು ಮೆಲ್ಲಗೆ ಮತ್ತೆ ಅವಳ ಮೂಗಿನ ಮೇಲೆ ಇಟ್ಟು ಕೈ ಸವರುತ್ತ ಕೂತ.

"ಹಲೋ, ಊಟದ ಟ್ರಾಲಿ ಅಲ್ಲೇ ಬಿಟ್ಟು ಇಲ್ಲೇನ್ರೀ ಮಾಡ್ತಿದ್ದೀರಾ?" ಬೆನ್ನ ಹಿಂದೆ ಸಿಸ್ಟರ್ ಬಂದು ನಿಂತಿದ್ದಳು. "ಯಾರು ನೀವು? ಯಾವ ಶಿಫ್ಟು? ಇದೇನಿದು ಭುಜದ ಮೇಲೆ?"

"ಏನು ಭುಜದ ಮೇಲೆ?"

"ತೂತು! ಎರಡೂ ಕಡೆ ತೂತಿದೆ!"

ಕತ್ತರಿಯಣ್ಣ ಕೈಯಿಂದ ತಡವಿದ. ಎಡ ಭುಜದ ಮೇಲೆ ಒಂದು, ಬಲ ಭುಜದ ಮೇಲೆ ಒಂದು. ಅಚ್ಚುಕಟ್ಟಾಗಿ ಕತ್ತರಿಸಿ, ಅಂಚಿಗೆ ಪಟ್ಟಿ ಕೊಟ್ಟು ಹೊಲಿದ ತೂತು. ಕತ್ತರಿಸಿದ್ದು ಇವನ ಕೈ, ಪಟ್ಟಿ ಹೊಲಿದದ್ದು ಮಿಷನ್ ಅಕ್ಕನ ಕೈ. ಇಬ್ಬರ ಕೈಯೂ ತಲೆಯನ್ನು ಕೇಳದೆ ದಿನದ ಕೆಲಸ ಮಾಡಿ ಮುಗಿಸಿದ್ದವು.

"ಅದು... ಕನ್ನಡಿಗೆ," ಅಂದ ಮೆಲ್ಲಗೆ.

"ಯಾವ ಕನ್ನಡಿಗೆ?"

"ಸ್ಕೂಟರಿನ ಕನ್ನಡಿ ಆಚೆ ಬರೋಕೆ, ಸಿಸ್ಟರ್."

ಸಿಸ್ಟರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ನಕ್ಕಳು. ಆಮೇಲೆ ಹಣೆ ಹಣೆ ಚಚ್ಚಿಕೊಂಡು ದೊಡ್ಡ ಡಾಕ್ಟರನ್ನು ಕರೆದಳು. ಅನುಮತಿಯಿಲ್ಲದೆ ವಾರ್ಡಿಗೆ ಬಂದ, ಅದೂ ಎರಡು ಕಿಟಕಿ ಇಟ್ಟುಕೊಂಡು ಬಂದ ಮನುಷ್ಯನನ್ನು ಹೊರಗೆ ಬಿಡುವ ಹಾಗಿಲ್ಲ, ಹದಿನಾಲ್ಕು ದಿನ ಇಲ್ಲೇ ಬೇರೆ ಕೋಣೆಯಲ್ಲಿ ಇರಬೇಕು ಎಂದು ಡಾಕ್ಟರು ಹೇಳಿದರು. ಉಡುಪನ್ನು ಬೆನ್ನ ಮೇಲಿಂದ ಕೆಳಗಿನವರೆಗೆ ಕತ್ತರಿಸಿ ತೆಗೆದರು.

"ಹೊಲಿಗೆ ಪಕ್ಕದಲ್ಲೇ ಕತ್ತರಿಸಿ ಸಿಸ್ಟರ್, ಮತ್ತೆ ಜೋಡಿಸಬಹುದು," ಎಂದು ಕತ್ತರಿಯಣ್ಣ ಅಂಗಲಾಚಿದ. ಅವಳು ಕೇಳಿಸಿಕೊಳ್ಳಲಿಲ್ಲ.

"ಸಿಸ್ಟರ್, ಆ ಕೊನೇ ಮಂಚದಲ್ಲಿ ನನ್ನ ಹೆಂಡತಿ ಇದ್ದಳಲ್ಲ, ಎಲ್ಲಿ? ಏನಾಯ್ತು?"

ಸಿಸ್ಟರ್ ಕೈ ನಿಲ್ಲಿಸಿ ಅವನ ಮುಖ ನೋಡಿದಳು. "ನೀವಾ ಅವರ ಗಂಡ? ಅವರು ಹುಷಾರಾದ್ರಲ್ರೀ! ಬೆಳಿಗ್ಗೇನೇ ಡಿಸ್ಚಾರ್ಜು. ಆಮೇಲೆ ಆ ಮಂಚಕ್ಕೆ ಈ ಅಜ್ಜಿ ಬಂದರು. ನಿಮಗೆ ಎಷ್ಟು ಸಲ ಫೋನ್ ಮಾಡಿದರು ಗೊತ್ತಾ? ಕರ್ಕೊಂಡು ಹೋಗೋಕೆ ಬರ್ತಾರೆ ಅಂತ ಗೇಟಿನ ಹತ್ರ ಕಲ್ಲುಬೆಂಚಿನ ಮೇಲೆ ಬ್ಯಾಗು ಇಟ್ಕೊಂಡು ಮಧ್ಯಾಹ್ನದವರೆಗೂ ಕೂತಿದ್ದರು, ಪಾಪ."

ಕತ್ತರಿಯಣ್ಣ ಜೇಬಿನಿಂದ ಫೋನು ತೆಗೆದ. ಪರದೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರಿತ್ತು. ಭಾವಮೈದ ಅವತ್ತು ಒಂದು ಸಲವೂ ಮಾಡಿರಲಿಲ್ಲ.

"ಇಷ್ಟು ದಿನ ನನ್ನ ಫೋನ್ ಎತ್ತುತ್ತಲೇ ಇರಲಿಲ್ಲ," ಅಂದ, ಅಳು ತಡೆಯುತ್ತ.

"ನನ್ನ ಹತ್ರ ಅಂದಿದ್ದರು. ಅವರ ದನಿ ಕೇಳಿದರೆ ಅಳು ಬರುತ್ತೆ ಸಿಸ್ಟರ್, ಅತ್ತರೆ ಉಸಿರು ಸಿಗಲ್ಲ, ಹುಷಾರಾಗೋತನಕ ಎತ್ತಲ್ಲ ಅಂತ."

ಅವನನ್ನು ಅದೇ ಮಹಡಿಯ ಒಂದು ಸಣ್ಣ ಕೋಣೆಗೆ ಹಾಕಿದರು. ಒಂದು ಮಂಚ, ಒಂದು ಕಿಟಕಿ. ಕಿಟಕಿಯ ಗಾಜಿನ ಬಾಗಿಲು ತೆಗೆಯದ ಹಾಗೆ ಹೊರಗಿನಿಂದ ಮೊಳೆ ಹೊಡೆದಿತ್ತು. ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಸಿತು. "ಅಲ್ಲೊಬ್ಬರು ಅಜ್ಜ ಇದ್ದಾರೆ, ಗಾಬರಿ ಆಗಬೇಡಿ," ಎಂದಳು ಸಿಸ್ಟರ್. "ನೋಡೋಕೆ ಯಾರೂ ಬರಲ್ಲ. ದಿನಾ ಸಂಜೆ ಕಿಟಕೀಲಿ ನಿಂತು ರಸ್ತೆ ನೋಡ್ತಿರ್ತಾರೆ."

ಹೆಂಡತಿಗೆ ಫೋನು ಮಾಡಿದ. ಸ್ವಿಚ್ ಆಫ್. ಬೆಳಗಿನಿಂದ ಇವನಿಗೇ ಮಾಡಿ ಮಾಡಿ ಬ್ಯಾಟರಿ ಸತ್ತಿರಬೇಕು. ಗಿರಣಿಯಮ್ಮನಿಗೆ ಮಾಡಿದ.

"ಅಯ್ಯೋ ಮಾರಾಯ, ಎಲ್ಲಿ ಸತ್ತಿದ್ದೀಯಾ? ನಿನ್ನ ಹೆಂಡತಿ ಬಂದು ಡ್ರಮ್ಮಿನ ಆಚೆ ರಸ್ತೇಲೇ ಕೂತಿದ್ದಾಳೆ! ಮನೆ ಸೀಲ್ ಆಗಿದೆ ಅಂತ ತಾತ ಒಳಗೆ ಬಿಡ್ತಿಲ್ಲ!"

"ಸೀಲೂ ಇಲ್ಲ ಗೀಲೂ ಇಲ್ಲ, ಬಂದಿದ್ದು ನಾನೇ! ನಾನು ಆಸ್ಪತ್ರೇಲಿದ್ದೀನಿ, ಕೀಲಿ ನನ್ನ ಹತ್ರ ಇದೆ. ಒಂದು ಸಲ ಫೋನ್ ಅವಳ ಕೈಗೆ ಕೊಡಿ ತಾಯಿ."

"ಕೊಡೋಕಾಗುತ್ತಾ? ಆಸ್ಪತ್ರೆಯಿಂದ ಬಂದಿರೋಳು! ಇಲ್ಲಿಂದಲೇ ಕೂಗಿ ಹೇಳ್ತೀನಿ." ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. "ಏಯ್! ನಿನ್ನ ಗಂಡ ಆಸ್ಪತ್ರೆ ಸೇರಿದ್ದಾನಂತೆ! ಕೀಲಿ ಅಲ್ಲಿದೆಯಂತೆ!"

ದೂರದಿಂದ ಒಂದು ದನಿ ಕೇಳಿಸಿತು. "ಏನಂತೆ? ಏನಾಯ್ತಂತೆ ಅವರಿಗೆ?"

ಎಷ್ಟು ದಿನಗಳ ಮೇಲೆ ಕೇಳಿದ ದನಿ! ಕತ್ತರಿಯಣ್ಣ ಫೋನನ್ನು ಕಿವಿಗೆ ಒತ್ತಿಕೊಂಡ.

"ಇನ್ನೇನಾದ್ರೂ ಹೇಳ್ಬೇಕಾ? ಬೇಗ ಹೇಳು, ಗಂಟಲು ನೋಯುತ್ತೆ," ಎಂದಳು ಗಿರಣಿಯಮ್ಮ.

ಹೇಳುವುದು ಬೆಟ್ಟದಷ್ಟಿತ್ತು. ಆದರೆ ಆ ಮಾತನ್ನು ಗಿರಣಿಯಮ್ಮನ ಗಂಟಲಿನಲ್ಲಿ ಬೀದಿಗೆಲ್ಲ ಕೂಗಿಸುವುದು ಹೇಗೆ? "ಇಲ್ಲ," ಅಂದ. "ಕೀಲಿ ತಗೊಂಡು ಹೋಗು ಅನ್ನಿ. ಅಷ್ಟೇ."

ಅಷ್ಟರಲ್ಲಿ ಸಾಹುಕಾರರ ಫೋನು ಬಂತು. "ಮಾರಾಯ, ತೂತು ಮುಚ್ಚಿ, ಝಿಪ್ಪು ಮುಂದೆ ಹಾಕಿ ನಾಳೆ ಇನ್ನೊಂದು ತನ್ನಿ, ನೋಡ್ತೀವಿ ಅಂದಿದ್ದಾರೆ ಸ್ಟೋರಿನವರು. ದೇವರಂಥ ಜನ! ಆದ್ರೆ ಕತ್ತರಿಸೋನು ನೀನು ಒಳಗೆ ಕೂತಿದ್ದೀಯಲ್ಲೋ!"

ಸಂಜೆಯ ಹೊತ್ತಿಗೆ ಸಿಸ್ಟರ್ ಊಟ ತಂದಳು, ಕೀಲಿ ಇಸಿದುಕೊಂಡಳು. ಬಾಗಿಲಲ್ಲಿ ನಿಂತು, "ಆ ಅಜ್ಜಿ ಹೋಗಿಬಿಟ್ಟರು," ಅಂದಳು. "ಮಗ ಬಂದಿದ್ದ, ಕೈ ಹಿಡ್ಕೊಂಡು ಕೂತಿದ್ದ ಅಂತ ಪಕ್ಕದ ಮಂಚದವರಿಗೆಲ್ಲ ಹೇಳ್ಕೊಂಡು ಹೋದರು."

ಕತ್ತರಿಯಣ್ಣ ತುತ್ತನ್ನು ತಟ್ಟೆಯಲ್ಲೇ ಇಟ್ಟ.

ಕಿಟಕಿಯ ಕೆಳಗೆ, ದಿನಾ ತಾನು ನಿಲ್ಲುತ್ತಿದ್ದ ಜಾಗದಲ್ಲೇ, ಅವಳು ಬಂದು ನಿಂತಳು. ಅರ್ಧಕ್ಕರ್ಧ ಆಗಿದ್ದಳು. ಕೈಯಲ್ಲಿ ಅದೇ ಬ್ಯಾಗು. ಕಾವಲುಗಾರ ಒಂದು ಉದ್ದನೆಯ ಕೋಲಿನ ತುದಿಗೆ ಕೀಲಿಯನ್ನು ಸಿಕ್ಕಿಸಿ ಗೇಟಿನ ಸರಳಿನ ಸಂದಿಯಿಂದ ಅವಳತ್ತ ಚಾಚಿದ. ಅವಳು ಕೋಲು ನೋಡಿದಳು, ಕೀಲಿ ನೋಡಿದಳು, ತೆಗೆದುಕೊಂಡಳು. ಆಮೇಲೆ ಮುಖ ಎತ್ತಿದಳು.

ಕತ್ತರಿಯಣ್ಣ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತ. "ಇಲ್ಲಿ ಕಣೇ! ಇಲ್ಲಿ!" ಎಂದು ಗಾಜು ಬಡಿದ.

ಅವಳು ಕಣ್ಣು ಕಿರಿದು ಮಾಡಿಕೊಂಡು ಹುಡುಕಿದಳು. ಕನ್ನಡಕ ಮನೆಯ ಕಪಾಟಿನ ಮೇಲಿತ್ತು. ಒಂದು ಕಿಟಕಿ ನೋಡಿದಳು, ಇನ್ನೊಂದು ನೋಡಿದಳು. ಪಕ್ಕದ ಕೋಣೆಯ ಕಿಟಕಿಯಲ್ಲಿ ಏನೋ ಅಲುಗಾಡಿರಬೇಕು, ಅವಳ ನೋಟ ಅಲ್ಲಿ ನಿಂತಿತು. ಅವಳ ಮುಖ ಅರಳಿತು. ಮೊದಲು ಬೆರಳು ಆಡಿಸಿ ಬೈದಳು. ಆಮೇಲೆ ತೋಳಿನಿಂದ ಕಣ್ಣು ಒರೆಸಿಕೊಂಡಳು. ಕೈ ಬಾಯಿಯ ಹತ್ತಿರ ತಂದು, ಸರಿಯಾಗಿ ಊಟ ಮಾಡಿ ಅಂತ ತೋರಿಸಿದಳು. ಎದೆ ಮುಟ್ಟಿಕೊಂಡು, ಏನಿಲ್ಲ ಬಿಡಿ, ನಾನು ಚೆನ್ನಾಗಿದ್ದೀನಿ, ನಾಳೆ ಬರ್ತೀನಿ ಅಂತ ಸನ್ನೆ ಮಾಡಿದಳು. ಅವನಿಗೆ ಬೇಕಾಗಿದ್ದದ್ದೆಲ್ಲ ಅದರಲ್ಲಿತ್ತು; ಅವಳು ಒಂದೂ ಬಿಡದ ಹಾಗೆ ಎಲ್ಲವನ್ನೂ ಪಕ್ಕದ ಕಿಟಕಿಗೆ ಕೊಟ್ಟು, ಬ್ಯಾಗು ಎತ್ತಿಕೊಂಡು ನಿಧಾನವಾಗಿ ನಡೆದುಹೋದಳು.

ಕತ್ತರಿಯಣ್ಣ ಗಾಜು ಬಡಿಯುವುದನ್ನು ನಿಲ್ಲಿಸಿದ.

ಗೋಡೆಯ ಆಚೆಯಿಂದ ಟಕಟಕ ಸದ್ದಾಯಿತು. "ಯಾರ್ರೀ ಹೊಸಬರು?" ಎಂದು ಅಜ್ಜನ ದನಿ ಕೆಮ್ಮಿನ ನಡುವೆ ಕುಣಿಯುತ್ತಿತ್ತು. "ನೋಡಿದ್ರಾ? ನನ್ನ ಮಗಳು ಬಂದಿದ್ದಳು! ನಾಳೆನೂ ಬರ್ತಾಳಂತೆ!"

ಕತ್ತರಿಯಣ್ಣ ಗೋಡೆಗೆ ಹಣೆ ಆನಿಸಿದ. ನಾಳೆ ಅವಳು ಕನ್ನಡಕ ಹಾಕಿಕೊಂಡು ಬರುತ್ತಾಳೆ, ಅದು ಅವನಿಗೆ ಗೊತ್ತಿತ್ತು.

"ನೋಡಿದೆ ಅಜ್ಜ," ಅಂದ. "ನಿಮ್ಮ ಥರಾನೇ ಇದ್ದಾಳೆ."